ಕೊನೆಯ ಹಾಲುಹಲ್ಲು

ನನ್ನ ಮಗಳ ಬಾಯಲ್ಲಿ ಉಳಿದಿದ್ದು ಒಂದೇ ಒಂದು ಹಾಲುಹಲ್ಲು. ಅದೂ ಅಲ್ಲಾಡುತ್ತಿತ್ತು. ಕಾರ್ ಆಕ್ಸಿಡೆಂಟಿನಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವಳ ಕಾಲಿನ ಸ್ವಾಧೀನ ಹೋದ ಮೇಲೆ ನಾನು ಓದದೆ ಬಿಟ್ಟ ವಿಷಯವಿಲ್ಲ. ಹಾಲುಹಲ್ಲಿನ ಒಳಗಿನ ತಿರುಳಲ್ಲಿ ಸ್ಟೆಮ್ ಸೆಲ್ ಇರುತ್ತವಂತೆ, ಜೀವ ಇರುವಾಗಲೇ ತೆಗೆದು ಕಾಪಾಡಿಟ್ಟರೆ ಮುಂದೆ ಯಾವತ್ತಾದರೂ ನರ ಸರಿಮಾಡೋಕೆ ಬರಬಹುದಂತೆ. ಓದಿದ್ದೇ ತಡ, ಗಟ್ಟಿಯಾಗಿ ಹಿಡಿದುಕೊಂಡೆ. "ಇದಿನ್ನೂ ಸಂಶೋಧನೆ. ಇವತ್ತಿಗೆ ಚಿಕಿತ್ಸೆ ಅಂತ ಏನೂ ಇಲ್ಲ, ಆಸೆ ಇಟ್ಕೋಬೇಡಿ" ಅಂದರು ಡಾಕ್ಟರು. ಆಸೆ ಏನು ಇವರನ್ನ ಕೇಳಿಕೊಂಡು ಬರುತ್ತಾ?

ಶನಿವಾರ ಬೂನ್ ಲೇ ಬಡಾವಣೆಯ ಡೆಂಟಿಸ್ಟ್ ಹತ್ತಿರ ಕೀಳಿಸೋಣ ಅಂತ ಬುಕ್ ಮಾಡಿದ್ದೆ. ಅಷ್ಟರೊಳಗೆ ಬಿದ್ದುಹೋದರೆ ಒಂದು ನಿಮಿಷವೂ ಒಣಗೋಕೆ ಬಿಡದೆ, ಸೆಲ್ ಕಾಪಾಡಿಡೋ ಕಂಪನಿಯವರು ಕೊಟ್ಟು ಫ್ರಿಜ್ಜಿನಲ್ಲಿರೋ ಬಾಟಲಿಯ ದ್ರಾವಣಕ್ಕೆ ಹಾಗೇ ಹಾಕಿಬಿಡಿ ಅಂತ, ಮೈಸೂರಿಂದ ಈ ದೇಶಕ್ಕೆ ಬಂದಿದ್ದ ಅತ್ತೆಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

ಗುರುವಾರ ಸಂಜೆ ಚಾಂಗಿಯ ಆಫೀಸಿಂದ ಬುಕಿತ್ ಬಾಟೋಕ್‌ನ ಮನೆಗೆ ಬಂದು ನೋಡಿದರೆ, ಹಲ್ಲು ದೇವರ ಮುಂದೆ ಬೆಳ್ಳಿ ಬಟ್ಟಲಲ್ಲಿ ಅರಿಶಿನ ಹಚ್ಚಿಸಿಕೊಂಡು ಕೂತಿದೆ!

"ಎಂಜಲು ಹಲ್ಲಲ್ವೇನಮ್ಮಾ. ಮಗೂಗೆ ಔಷಧಿ ಆಗೋ ವಸ್ತು, ಮೈಲಿಗೆ ಇರಬಾರದು ಅಂತ ಕುದಿಯೋ ನೀರಲ್ಲಿ ತೊಳೆದೆ. ಪೂಜೆ ಮಾಡಿ ಇಟ್ಟಿದೀನಿ, ಈಗ ಬಾಟಲಿಗೆ ಹಾಕು" ಅಂದರು ಅತ್ತೆ. ಮುಖದಲ್ಲಿ ಅದೇನು ಸಮಾಧಾನ.

"ಅಯ್ಯೋ, ಕೊಂದುಬಿಟ್ರಲ್ಲಾ! ಕುದಿಯೋ ನೀರಲ್ಲಿ ಯಾವ ಜೀವ ಉಳಿಯುತ್ತೆ? ಇದ್ದಿದ್ದು ಅದೊಂದೇ!" ಬಾಯಿಗೆ ಬಂದ ಹಾಗೆ ಅಂದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಮೊಮ್ಮಗಳು ನಡೀಲಿ ಅಂತ ನನಗಿಂತ ಹೆಚ್ಚು ಹರಕೆ ಹೊತ್ತವರು ಅವರೇ.

ಮಗಳು ವೀಲ್‌ಚೇರ್ ತಳ್ಳಿಕೊಂಡು ನಮ್ಮಿಬ್ಬರ ಮಧ್ಯೆ ಬಂದಳು.

"ಅಜ್ಜಿನ ಬೈಬೇಡ ಅಮ್ಮ. ಹಲ್ಲು ತಾನಾಗಿ ಬೀಳಲಿಲ್ಲ, ನಾನೇ ಕಿತ್ತೆ. ದಿನಾ ಆಫೀಸಿಂದ ಬಂದ ತಕ್ಷಣ ಬಾಯಿ ತೆಗಿ ಅಂತ ಟಾರ್ಚ್ ಬಿಡ್ತೀಯ. ಸ್ಕೂಲಲ್ಲಿ ಏನಾಯ್ತು ಅಂತ ಕೇಳೋದೇ ಇಲ್ಲ. ಬೇಜಾರಾಗೋಯ್ತು ಲಾ" ಅಂದಳು, ಇಲ್ಲಿನ ಸ್ಕೂಲ್ ಮಕ್ಕಳ ಥರವೇ.

ನಾನು ಅವಳ ವೀಲ್‌ಚೇರ್ ಮುಂದೆ ಕೂತೆ.

"ಈಗ ಹಲ್ಲಿಲ್ಲ. ಹೀಗೇ ಇರೋ ನಾನು ಸಾಕಾ ನಿಂಗೆ?"

ಸಾಕು ಕಣೇ ಬಂಗಾರ ಅಂತ ಆ ಕ್ಷಣವೇ ಅನ್ನಬೇಕಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು.