ಶುಕ್ರವಾರ ಮಾತ್ರ ದಾಟುತ್ತಿದ್ದ ಪ್ರೋಟಾನ್

ನನ್ನ ಪ್ಲಾಟಿನಂ ಪ್ರಯೋಗ ಶುಕ್ರವಾರ ಮಾತ್ರ ಸರಿಹೋಗುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ಲ್ಯಾಬಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಸಂಯುಕ್ತದ ತುದಿಯಲ್ಲಿರುವ ಒಂದು ಪ್ರೋಟಾನ್ ನಡುವಿನ ಪ್ಲಾಟಿನಂಗೆ ದಾಟಬೇಕು, ಅಷ್ಟೇ. ಮಿಕ್ಕ ದಿನ ಅದು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ತಿಂಗಳ ಕೊನೆಗೆ ಇದನ್ನು ನಿಲ್ಲಿಸಿಬಿಡಿ ಅಂತ ಬೆಂಗಳೂರು ಆಫೀಸಿನ ಸಾಹೇಬರು ಹೇಳಿಯೂ ಆಗಿತ್ತು.

ಒಂದು ಶುಕ್ರವಾರ ಬೇಗ ಹೋದೆ. ಗಾಜಿನ ಪಾತ್ರೆ ತೊಳೆಯುವ ಗಂಗಮ್ಮ, ಓವನ್‌ನಲ್ಲಿ ಒಣಗಿದ್ದ ನನ್ನ ಫ್ಲಾಸ್ಕನ್ನು ಮತ್ತೆ ನಲ್ಲಿಗೆ ಹಿಡಿದಿದ್ದರು.

"ಏನಮ್ಮಾ ಇದು?"

"ಬೈಬೇಡಿ ಸಾರ್. ನಿನ್ನೆ ತೊಳೆದಿದ್ ಪಾತ್ರೇನ ಶುಕ್ರವಾರ ಹಂಗೇ ಒಲೆಗಿಡಬಾರ್ದು. ನೀರು ತೋರಿಸಿ, ಬಟ್ಟೇಲಿ ಒರೆಸಿಡ್ತೀನಿ."

ಒರೆಸಿದರೂ ಗಾಜಿಗಂಟಿ ಉಳಿಯುವ ಆ ಚೂರು ತೇವವೇ ಪ್ರೋಟಾನನ್ನು ಹೊತ್ತು ದಾಟಿಸುತ್ತಿದೆಯೇ? ಸೋಮವಾರ ಬೇಕೆಂದೇ ಒಂದು ಹನಿ ನೀರು ಹಾಕಿದೆ. ದಾಟಿತು! ಅಷ್ಟು ದಿನ ಹಟ ಹಿಡಿದು ಒಣಗಿಸಿದ್ದೇ ನನ್ನ ತಪ್ಪು. ಗಂಗಮ್ಮನಿಗೆ ಕೈ ಮುಗಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು.

ವರದಿಯ ಕೊನೆಯಲ್ಲಿ ಅವರ ಹೆಸರು ಬರೆದು ಕೃತಜ್ಞತೆ ಹೇಳಿದೆ. ಸಾಹೇಬರು ಫೋನ್ ಮಾಡಿ, "ಡಾಕ್ಟರ್ ಗಂಗಮ್ಮ ಯಾವ ಸಂಸ್ಥೆಯವರ್ರೀ?" ಅಂದರು.

"ಇಲ್ಲೇ ಹತ್ತಿರದ ಊರು, ತೂಬಗೆರೆಯವರು ಸಾರ್," ಅಂದೆ. "ಶುಕ್ರವಾರ ಬೇಗ ಬಂದ್ರೆ ಸಿಗ್ತಾರೆ."