ಮಲಕಿ ಹೇಳಿದ ಎರಡು ರಾಜ

ಕನ್ಸೆಪ್ಟಾ ಗೆರಟಿ ಮೂವತ್ತೊಂದು ವರ್ಷ ರಾಸ್‌ಕಾಮನ್ ಸೀಮೆಯಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಯಾರು ಯಾರ ಟೋಪಿಯನ್ನು ಕಿಟಕಿಯಿಂದಾಚೆ ಎಸೆದರೆಂದು ಕನ್ನಡಿಯಲ್ಲಿ ಒಮ್ಮೆ ಕಣ್ಣಾಡಿಸಿ ಹೇಳಿಬಿಡುತ್ತಿದ್ದಳು. ಇಂಥವಳ ಕಣ್ಣಿಗೆ ಮಣ್ಣೆರಚುವವರು ಹುಟ್ಟಿಲ್ಲವೆಂದು ಊರು ನಂಬಿತ್ತು. ಅವಳೂ ನಂಬಿದ್ದಳು, ಅಲ್ಲೇ ಎಡವಟ್ಟಾಯಿತು.

ಕೆಲಸ ಬಿಟ್ಟ ಮೇಲೆ ಅವಳ ಭಾನುವಾರಗಳೆಲ್ಲ ಪೋಕರ್ ಪಾಲಾದವು. ಒಂದು ವಾರ ಚರ್ಚಿನ ಸೋರುವ ಚಾವಣಿಗೆ, ಇನ್ನೊಂದು ವಾರ ಫುಟ್‌ಬಾಲ್ ಹುಡುಗರ ಅಂಗಿಗೆ ಅಂತ ಯಾವುದಾದರೊಂದು ಪಬ್ಬಿನಲ್ಲಿ ಸಹಾಯಾರ್ಥ ಪಂದ್ಯ ಇದ್ದೇ ಇರುತ್ತಿತ್ತು. ಎಷ್ಟು ದೂರವಾದರೂ ಹೋಗಲೇಬೇಕು. ಅವರ ಚಾವಣಿಗೆ ನಾವು ಹೋಗದಿದ್ದರೆ ನಮ್ಮ ಚಾವಣಿಗೆ ಅವರು ಬಂದಾರೆಯೇ? ಅವಳ ಕಾರಿನಲ್ಲಿ ಪಕ್ಕದ ಸೀಟು ಹನ್ನೊಂದು ವರ್ಷದಿಂದ ಮಲಕಿ ಟೈರ್ನಿಯದು. ಅವನು ಜೀವಮಾನವೆಲ್ಲ ಸೈಕಲ್ಲು ತುಳಿದ ಹಳೆಯ ಅಂಚೆಯವನು. ಕಾರು ಓಡಿಸಲು ಕಲಿಯಲೇ ಇಲ್ಲ.

ಆ ಕಾರಿನಲ್ಲಿ ಒಂದು ಕಟ್ಟಳೆ ಬೆಳೆದಿತ್ತು. ಇಬ್ಬರೂ ಮೇಜಿನಲ್ಲಿ ಎದುರಾದರೆ ಕೈಯಿಂದ ಎಷ್ಟಾದರೂ ಸುಳ್ಳಾಡಲಿ, ಒಳ್ಳೆಯ ಇಸ್ಪೀಟೆಲೆ ಇಲ್ಲದಿದ್ದರೂ ಪಣದ ಬಿಲ್ಲೆ ನೂಕಲಿ, ಅದು ಆಟ. ಬಾಯಿಂದ ಮಾತ್ರ ಸುಳ್ಳು ಬರಕೂಡದು. "ಬಿಡು, ನನ್ನ ಹತ್ರ ಇದೆ" ಎಂದರೆ ಇರಬೇಕು. ಬೇರೆಯವರಿಗೆ ಇದು ಸರಿ ಕಾಣಲಿಕ್ಕಿಲ್ಲ. ಈ ಇಬ್ಬರಿಗೆ ಅದು ಬೈಬಲ್ಲಿನಷ್ಟೇ ಗಟ್ಟಿ.

ಆ ಭಾನುವಾರದ ಪಂದ್ಯದಲ್ಲಿ ಗೆದ್ದವರಿಗೆ ಡಬ್ಲಿನ್ನಿನ ಈಸ್ಟರ್ ಪಂದ್ಯದಲ್ಲಿ ಒಂದು ಕುರ್ಚಿ. ಎರಡನೆಯವರಿಗೆ ಒಂದು ಬುಟ್ಟಿ ಜಾಮು. ಕನ್ಸೆಪ್ಟಾಳಿಗೆ ಆ ಕುರ್ಚಿ ಬೇಕೇ ಬೇಕಿತ್ತು. ಅವಳ ಕಣ್ಣಿನ ನಟ್ಟನಡುವೆ ಮಬ್ಬು ಕವಿಯತೊಡಗಿತ್ತು. ಬೇಸಿಗೆ ಬಂದರೆ ಕಾರಿನ ಬೀಗದಕೈ ಕೊಟ್ಟುಬಿಡಿ, ಮುಂದಿನ ವರ್ಷಕ್ಕೆ ಎಲೆಯ ಗುರುತೂ ಹತ್ತುವುದಿಲ್ಲ ಎಂದಿದ್ದರು ಡಾಕ್ಟರು. ಈ ಸಂಗತಿ ಗೊತ್ತಿದ್ದದ್ದು ಮಲಕಿಯೊಬ್ಬನಿಗೆ. ಕಾರಿನಲ್ಲೇ ಹೇಳಿದ್ದಳು.

ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಸುತ್ತು ಬರುವ ಹೊತ್ತಿಗೆ ಮೂವರು ಉಳಿದಿದ್ದರು. ಬಿಲ್ಲೆಯ ಲೆಕ್ಕದಲ್ಲಿ ಮುಂದಿದ್ದವಳು ಕನ್ಸೆಪ್ಟಾಳೇ. ಕೈಯಲ್ಲಿ ರಾಣಿಯರ ಜೋಡಿ. ಮೂರನೆಯವನು ಎಲೆ ಬಿಟ್ಟು ಆ ಸುತ್ತಿನಿಂದ ಸರಿದ. ಮಲಕಿ ಇದ್ದಬದ್ದ ಬಿಲ್ಲೆಯನ್ನೆಲ್ಲ ಮುಂದೆ ನೂಕಿ, "ಬಿಡು ಕನ್ಸೆಪ್ಟಾ, ಎರಡು ಎಕ್ಕ ಇದೆ" ಎಂದ.

ಅವಳು ಬಿಟ್ಟಳು. ಎರಡು ರಾಣಿಯರನ್ನು! ಮಲಕಿ ತನ್ನ ಎಲೆಗಳನ್ನು ಅಂಗಾತ ಮಾಡಿದ: ಒಂಬತ್ತು, ನಾಲ್ಕು. ಪಬ್ಬಿಗೆ ಪಬ್ಬೇ ಗೊಳ್ಳೆಂದು ನಕ್ಕಿತು.

"ಏನೋ ಇದು ಮಲಕಿ?"

"ಆಟ ಕಣೇ! ಮುಖ ಯಾಕೆ ಊದಿಸ್ಕೋತೀಯ?"

ಬಸ್ಸಿನಲ್ಲಿ ಇಂಥ ಮಾತಾಡಿದ ಹುಡುಗರನ್ನು ಅವಳು ನಡುದಾರಿಯಲ್ಲಿ ಇಳಿಸಿದ್ದುಂಟು. ಈಗ ಕಪ್ಪು ಎತ್ತಿ ತಣ್ಣಗಾದ ಟೀ ಕುಡಿದಳು.

ಒಂದು ಗಂಟೆಯೊಳಗೆ ಮೂರನೆಯವನೂ ಎದ್ದುಹೋದ. ಈಗ ಅವರಿಬ್ಬರೇ. ಅವಳಿಗಿಂತ ಮಲಕಿಯ ಬಿಲ್ಲೆ ಹೆಚ್ಚು. ಅವಳಿಗೆ ಹತ್ತರ ಜೋಡಿ ಬಂತು. ಕಣ್ಣಿನ ಅಂಚಿನಿಂದ ನೋಡಿ ಖಾತ್ರಿ ಮಾಡಿಕೊಂಡಳು. ಮಲಕಿ ಮತ್ತೆ ಎಲ್ಲವನ್ನೂ ನೂಕಿದ.

"ಬಿಡು ಕಣೇ. ಎರಡು ರಾಜ ಇದೆ. ಈ ಸಲ ನಿಜವಾಗ್ಲೂ."

ಯಾರೋ ಕಿಸಕ್ಕೆಂದರು. ಎಲೆ ಹಂಚುತ್ತಿದ್ದ ಪಬ್ಬಿನ ಯಜಮಾನಿ ಊನಾ, "ನಿಧಾನಕ್ಕೆ ಯೋಚನೆ ಮಾಡು, ಅವಸರ ಏನಿಲ್ಲ" ಎಂದಳು.

ಬಿಟ್ಟರೆ ಇನ್ನೂ ಎಂಟು ಹತ್ತು ಕೈ ಆಡುವಷ್ಟು ಬಿಲ್ಲೆ ಉಳಿಯುತ್ತದೆ. ತಾನೂ ಇದ್ದದ್ದನ್ನೆಲ್ಲ ಇಟ್ಟು ಕೂಡಿದರೆ ಈಗಲೇ ಇತ್ಯರ್ಥ. ಲೆಕ್ಕ ಕೂಡೆಂದೇ ಹೇಳುತ್ತಿತ್ತು. ಎರಡು ರಾಜ ಇನ್ನೂರು ಕೈಗೊಮ್ಮೆ ಬಂದರೆ ಹೆಚ್ಚು. ಅವಳು ಅವನ ಮುಖ ನೋಡಿದಳು. ಪ್ರತಿ ಭಾನುವಾರ ಗೇಟಿನ ಬಳಿ ಬೋಳುತಲೆ ಸವರಿಕೊಂಡು ಕಾಯುವ ಅದೇ ಮುಖ. ಹಿಂದಿನ ವಾರವಾಗಿದ್ದರೆ ಮರುಮಾತಿಲ್ಲದೆ ಎಲೆ ಮಡಚುತ್ತಿದ್ದಳು. ನಾಚಿಕೆಗೆಟ್ಟ ಮನಸ್ಸು ಈಗಲೂ ಅವನ ಕೈಯಲ್ಲಿ ರಾಜರೇ ಇರಲೆಂದು ಬೇಡುತ್ತಿತ್ತು. ಇದ್ದರೆ ಡಬ್ಲಿನ್ ಹೋದಂತೆಯೇ, ಆದರೂ ಬೇಡುತ್ತಿತ್ತು. ಆಮೇಲೆ ಆ ಒಂಬತ್ತು ನಾಲ್ಕು ನೆನಪಾಯಿತು, ಆ ನಗು ನೆನಪಾಯಿತು. ಇನ್ನೊಂದು ಸಲ ನನ್ನನ್ನು ಪೆದ್ದಿ ಮಾಡುತ್ತಾನೆಯೇ ಇವನು?

"ಕಾಲ್," ಎಂದು ತನ್ನ ಬಿಲ್ಲೆಯನ್ನೆಲ್ಲ ಮುಂದೆ ನೂಕಿದಳು.

ಮಲಕಿ ಎಲೆ ತೋರಿಸಿದ. ಆಟೀನು ರಾಜ, ಕಳಾವರ್ ರಾಜ. ಊನಾ ಮೇಜಿನ ನಡುವೆ ಇಬ್ಬರಿಗೂ ಸಲ್ಲುವ ಐದು ಎಲೆ ಇಟ್ಟಳು. ಅವಳನ್ನು ಉಳಿಸುವ ಹತ್ತು ಅದರಲ್ಲಿ ಒಂದೂ ಇರಲಿಲ್ಲ.

"ನಾನು ಹೇಳಿದ್ನಲ್ಲ!" ಮಲಕಿ ನಿಜಕ್ಕೂ ನೊಂದವನಂತೆ ಕೈ ಚೆಲ್ಲಿದ. "ಬಾಯಿಬಿಟ್ಟು ಹೇಳ್ದೆ. ನೀನೇ ನಂಬ್ಲಿಲ್ಲ."

ಎಂಥ ಮಾತು! ಕಟ್ಟಳೆ ಮುರಿದವಳು ಅವಳೇ ಎಂಬಂತೆ. ಕೆಟ್ಟ ಎಲೆಗೆ ಸೋತಿದ್ದರೆ ನಕ್ಕು ಜಾಮಿನ ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ಸುಳ್ಳನ್ನು ನಂಬಿ ಒಮ್ಮೆ, ನಿಜವನ್ನು ನಂಬದೆ ಇನ್ನೊಮ್ಮೆ, ಎರಡೂ ಸಲ ಒಬ್ಬನ ಕೈಯಲ್ಲೇ ಸೋತಳಲ್ಲ, ಅದು ನುಂಗಲಾರದ ತುತ್ತಾಯಿತು.

ಆದರೂ ಅವನನ್ನು ಕಾರಿನಲ್ಲಿ ಕೂರಿಸಿಕೊಂಡೇ ಹೊರಟಳು. ಬಸ್ಸಿನವಳ ರೂಢಿ, ಹತ್ತಿಸಿಕೊಂಡು ಬಂದವರನ್ನು ಮನೆ ಮುಟ್ಟಿಸಬೇಕು. ಇನ್ನೂ ಬೆಳಕಿತ್ತು. ದಾರಿಯುದ್ದಕ್ಕೂ ಮಲಕಿ ಡಬ್ಲಿನ್ ಹೋಟೆಲಿನ ತಿಂಡಿಯ ವಿಚಾರ ಮಾತಾಡಿದ. ತನ್ನ ಗೇಟಿನ ಬಳಿ ಇಳಿಯುತ್ತ ಬಾಗಿಲಲ್ಲಿ ತಲೆ ತೂರಿಸಿದ.

"ಈಸ್ಟರ್‌ಗೆ ನೀನೇ ತಾನೆ ಕರ್ಕೊಂಡು ಹೋಗೋದು? ಬಸ್ಸಲ್ಲಿ ಹೋದ್ರೆ ನನಗೆ ಸೊಂಟ ಹಿಡ್ಕೊಳ್ಳುತ್ತೆ."

ಕನ್ಸೆಪ್ಟಾ ಮುಂದಿನ ರಸ್ತೆಯನ್ನೇ ನೋಡುತ್ತ ಕೂತಿದ್ದಳು.

"ಹೂಂ. ಶುಕ್ರವಾರ ಎಂಟು ಗಂಟೆಗೆ ರೆಡಿಯಾಗಿ ಇಲ್ಲೇ ನಿಂತಿರು."

"ನಿಜ ತಾನೆ?"

"ನಾನು ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ?"

ಹನ್ನೊಂದು ವರ್ಷದಲ್ಲಿ, ಆ ಸಂಜೆಯವರೆಗೆ, ಒಮ್ಮೆಯೂ ಹೇಳಿರಲಿಲ್ಲ. ಆದ್ದರಿಂದಲೇ ಮಲಕಿ ನೆಮ್ಮದಿಯಿಂದ ಬಾಗಿಲು ಹಾಕಿ, ಸಿಳ್ಳೆ ಹಾಕುತ್ತ ಮನೆಯೊಳಗೆ ಹೋದ.