ಮೆಟ್ಟಿಲ ಕೆಳಗಿನ ಲೇತು

ಮನೆಗೆ ಯಾರೇ ಬರಲಿ, ನಾನು ಮೊದಲು ನೋಡುವುದು ಅವರ ಕೈ. ಮುಖ ಆಮೇಲೆ. ಇದು ಒಳ್ಳೆಯ ಅಭ್ಯಾಸವಲ್ಲ ಅಂತ ನನಗೂ ಗೊತ್ತು. ಒಂದು ಸಲ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ, ನಾನು ಅವಳ ಬಳೆ ನೋಡುತ್ತಿದ್ದೇನೆ ಅಂದುಕೊಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಚಿನ್ನ ಯಾರಿಗೆ ಬೇಕಾಗಿತ್ತು? ನಾನು ನೋಡಿದ್ದು ಬೆರಳು.

ಬಾಗಲಗುಂಟೆಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೀದಿಯ ಗಂಡಸರು ಬೆಳಗ್ಗೆ ಡಬ್ಬಿ ಹಿಡಿದು ಪೀಣ್ಯದ ಕಡೆಗೋ ಜಾಲಹಳ್ಳಿಯ ಕಡೆಗೋ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಸಂಜೆ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬರುತ್ತಾರೆ. ಅಂಗಡಿಯಲ್ಲಿ ಚಿಲ್ಲರೆ ಈಸಿಕೊಳ್ಳುವಾಗ ಒಬ್ಬನ ತೋರುಬೆರಳು ಗಿಡ್ಡ, ಇನ್ನೊಬ್ಬನ ಹೆಬ್ಬೆರಳಿಗೆ ಉಗುರಿಲ್ಲ. ಯಾರೂ ಅದರ ಮಾತೆತ್ತುವುದಿಲ್ಲ. ಚಿಲ್ಲರೆ ಎಣಿಸಿಕೊಂಡು ಹೋಗುತ್ತಾರೆ.

ನಮ್ಮ ಯಜಮಾನರು ಜಾಲಹಳ್ಳಿಯ ಸರ್ಕಾರಿ ಫ್ಯಾಕ್ಟರಿಯಲ್ಲಿ ಟರ್ನರ್. ಲೇತ್ ಮೇಲೆ ಕಬ್ಬಿಣ ಕಡೆಯುವ ಕೆಲಸ. ಅವರು ಮನೆಗೆ ಬಂದ ಕೂಡಲೇ ನಾನು ಕಾಫಿ ಕೊಡುತ್ತಿದ್ದೆ. ಪ್ರೀತಿ ಅಂತೇನೂ ಅಂದುಕೊಳ್ಳಬೇಡಿ. ಲೋಟ ಹಿಡಿಯುವಾಗ ಬೆರಳು ಕಾಣುತ್ತವಲ್ಲ, ಅದಕ್ಕೆ. ಅವರದೊಂದು ರೂಢಿ, ಲೋಟವನ್ನು ಮಕ್ಕಳ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಾರೆ. ನಮ್ಮತ್ತೆ ಕಲಿಸಿದ್ದಿರಬೇಕು ಅಂದುಕೊಂಡಿದ್ದೆ. ನನಗಂತೂ ಅನುಕೂಲವಾಗಿತ್ತು. ಹತ್ತೂ ಬೆರಳು ಒಟ್ಟಿಗೇ ಸಿಗುತ್ತಿದ್ದವು. ನೋಡಿ ಒಳಗೆ ಹೋಗಿ ಒಗ್ಗರಣೆ ಹಾಕುತ್ತಿದ್ದೆ.

ಅವರು ರಿಟೈರಾದ ದಿನ ಶಾಲು ಹೊದಿಸಿ, ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಹಾರದ ಕೆಳಗೆ ಹತ್ತು ಬೆರಳೂ ಇದ್ದವು. ಮಾರನೆಯ ದಿನ ಆಂಜನೇಯನಿಗೆ ಕಾಯಿ ಒಡೆಸಿ, ಇನ್ನು ಮೇಲೆ ನಾನೂ ನಾಲ್ಕು ಜನರ ಹಾಗೆ ಮುಖ ನೋಡಿ ಮಾತಾಡಬಹುದು ಅಂದುಕೊಂಡು ಬಂದೆ.

ಆ ನೆಮ್ಮದಿಯ ಆಯಸ್ಸು ಕಮ್ಮಿ ಇತ್ತು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಫ್ಯಾಕ್ಟರಿ ಬಸ್ಸು ಹೋಗುವುದನ್ನು ನೋಡುತ್ತಾ ದಿನ ಕಳೆಯುತ್ತಿದ್ದ ಮನುಷ್ಯ, ಒಂದು ದಿನ ಮುದ್ದೆ ಮುರಿಯುತ್ತಾ ಹೇಳಿದರು:

"ಒಂದು ಚಿಕ್ ಲೇತ್ ತಗೊಳೋಣ ಅಂತಿದೀನಿ ಕಣೇ."

"ಎಲ್ಲಿಗೆ?"

"ಮನೇಗೇ."

ಹೊರಗೆ ಹೋಗಿ ಹುಲಿ ನೋಡಿಕೊಂಡು ಬರುತ್ತಿದ್ದ ಮನುಷ್ಯ, ಅದನ್ನೇ ಮನೆಗೆ ತಂದು ಕಟ್ಟುತ್ತೇನೆ ಅಂದ ಹಾಗಾಯಿತು. ಸಾರು ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು.

ನಮ್ಮ ಮಹಡಿ ಮೇಲಿನ ರೂಮಿನಲ್ಲಿ ಮಹಾಂತೇಶ ಅಂತ ಬಾಡಿಗೆಗೆ ಇದ್ದ. ವಿಜಾಪುರದ ಕಡೆಯವನು, ಪೀಣ್ಯದಲ್ಲಿ ಕಂಪ್ಯೂಟರಿನಿಂದ ಓಡುವ ಮಷೀನಿನ ಮೇಲೆ ಕೆಲಸ. ಅವನು ಲ್ಯಾಪ್‌ಟಾಪ್ ತಂದು, ಚೈನಾದಿಂದ ಬರುವ ಹೊಸ ಪುಟ್ಟ ಲೇತುಗಳನ್ನು ತೋರಿಸಿದ. ಕೆಂಪು ಬಣ್ಣ, ಫಳಫಳ ಹೊಳಪು. ನಮ್ಮ ಗ್ರೈಂಡರಿನ ತಂಗಿಯ ಹಾಗೆ ಮುದ್ದಾಗಿತ್ತು. ಯಜಮಾನರು ಮೂಗು ಮುರಿದರು.

"ಇದು ಅಲ್ಯುಮಿನಿಯಂ ಕೆರ್ಕೊಂಡಿರುತ್ತೆ. ಕಬ್ಬಿಣ ಕೊಟ್ರೆ ನಡುಗುತ್ತೆ. ಲೇತಿಗೆ ತೂಕ ಬೇಕು ಕಣಯ್ಯಾ."

"ತೂಕ ಬೇಕು ಅಂತೀರಿ, ಒಳಗ ತರಾವ್ರು ಯಾರ್ರೀ ಅಜ್ಜಾರ?" ಅಂದ ಮಹಾಂತೇಶ. "ನಾನಽ ಏನ್ರೀ?"

ಕೊನೆಗೆ ತಂದವನು ಅವನೇ.

ಪೀಣ್ಯದಲ್ಲಿ ಹಳೇ ಮಷೀನು ಮಾರುವ ಶೆಡ್ಡಿಗೆ ನಾನೂ ಹೋದೆ. ಮೆಟ್ರೋ ಕಂಬ ಏಳುತ್ತಿದ್ದ ಕಾಲ, ತುಮಕೂರು ರಸ್ತೆಯ ಧೂಳೆಲ್ಲ ನಮ್ಮ ಬಾಯೊಳಗೆ. ನಾನು ಹೋದದ್ದು ಸಹಾಯಕ್ಕಲ್ಲ, ಕಲ್ಲು ಹಾಕಲು. ಏನಾದರೊಂದು ಕುಂದು ಹುಡುಕಿ ಬೇಡ ಅನ್ನಿಸಬೇಕು ಅಂತಿದ್ದೆ. ಆದರೆ ಕುಂದು ಹುಡುಕುವ ಕೆಲಸವನ್ನು ಅವರೇ ಮಾಡುತ್ತಿದ್ದರು. ಒಂದೊಂದು ಲೇತಿನ ಮುಂದೆಯೂ ಕೂತು ಎದ್ದು, ಕಬ್ಬಿಣದ ಹಾಸಿನ ಮೇಲೆ ಉಗುರು ಎಳೆದು, ಕಿವಿ ಇಟ್ಟು ಕೇಳಿ, ಹಿಡಿದು ಅಲ್ಲಾಡಿಸಿ. ಹೊಸ್ತಿಲು ಜನ ತುಳಿಯುವ ಕಡೆ ಸವೆಯುವ ಹಾಗೆ, ಲೇತಿನ ಹಾಸೂ ಚಕ್ಕಿನ ಹತ್ತಿರವೇ ಹೆಚ್ಚು ಸವೆದಿರುತ್ತದಂತೆ. ಚಕ್ ಅಂದರೆ ಕಬ್ಬಿಣದ ತುಂಡನ್ನು ದವಡೆಯಲ್ಲಿ ಕಚ್ಚಿ ಹಿಡಿದು ಗಿರಗಿರ ತಿರುಗುವ ದುಂಡು ಮುಖ. ನನ್ನನ್ನು ನೋಡಲು ಬಂದಾಗ ಇವರು ಉಪ್ಪಿಟ್ಟು ತಿಂದು, ಒಂದು ಸಲ ತಲೆ ಎತ್ತಿ, 'ಆಗಬಹುದು' ಅಂದು ಎದ್ದು ಹೋಗಿದ್ದರು. ಕಬ್ಬಿಣಕ್ಕೆ ಇಷ್ಟು ಹೊತ್ತು ಬೇಕಾಯಿತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಲೆಕ್ಕ ಇಟ್ಟುಕೊಂಡೆ, ಅಷ್ಟೆ.

ಕೊನೆಗೆ ಒಂದನ್ನು ಒಪ್ಪಿದರು. ಹಸಿರು ಬಣ್ಣ ಉದುರಿದ, ಗಟ್ಟಿಮುಟ್ಟಾದ ಗಿಡ್ಡ ಲೇತು. ನಾನು ಶೆಡ್ಡಿನವನನ್ನು ಕೇಳಿದೆ:

"ಇದನ್ನ ನಿಲ್ಸೋದು ಹೇಗಪ್ಪಾ?"

"ಸ್ವಿಚ್ ಆಫ್ ಮಾಡಿದ್ರೆ ನಿಲ್ಲುತ್ತಮ್ಮಾ."

"ಎಲ್ಲಿದೆ ಸ್ವಿಚ್ಚು?"

"ಅದು ನಿಮ್ ಮನೇಲಿ ನೀವ್ ಹಾಕ್ಸ್ಕೋಬೇಕು." ಅವನಿಗೆ ನಗು ಬಂತು. "ಎಲ್ರೂ ಎಷ್ಟ್ ಸ್ಪೀಡ್ ಓಡುತ್ತೆ ಅಂತ ಕೇಳ್ತಾರೆ. ನಿಲ್ಲೋದ್ ಕೇಳಿದ್ದು ನೀವೊಬ್ರೇ ಕಣಮ್ಮಾ."

ಯಜಮಾನರು ನನ್ನನ್ನು ಬಲ್ಲವರೇ ಅಲ್ಲ ಅನ್ನುವ ಹಾಗೆ ಆ ಕಡೆ ತಿರುಗಿದರು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಜನ ಯಾಕೆ ನಿಲ್ಲುವುದನ್ನು ಕೇಳುವುದಿಲ್ಲ? ಸ್ಕೂಟರ್ ಕೊಳ್ಳುವವನು ಎಷ್ಟು ಓಡುತ್ತೆ ಅನ್ನುತ್ತಾನೆ. ಭಾಷಣಕ್ಕೆ ಕರೆಯುವವರು ಚೆನ್ನಾಗಿ ಮಾತಾಡ್ತಾರಾ ಅಂತ ಕೇಳುತ್ತಾರೆಯೇ ಹೊರತು ಮುಗಿಸಲು ಬರುತ್ತದಾ ಅಂತ ಕೇಳುವುದಿಲ್ಲ. ನಮ್ಮ ಬೀದಿಯ ಮದುವೆಗಳ ಬ್ಯಾಂಡಿನವರಿಗಂತೂ ಅದು ಗೊತ್ತೇ ಇಲ್ಲ.

ಲೇತು ಬಂತು. ಕೆಳಗೆ ಪೈಪು ಹಾಕಿ ಉರುಳಿಸುತ್ತಾ, ಮಹಾಂತೇಶ ಮತ್ತು ಅವನ ಗೆಳೆಯರು ಅದನ್ನು ಮನೆಯೊಳಗೆ, ಮಹಡಿ ಮೆಟ್ಟಿಲ ಕೆಳಗೆ ತಂದು ನಿಲ್ಲಿಸಿದರು. ಅಲ್ಲಿದ್ದ ನನ್ನ ಹೊಲಿಗೆ ಮಷೀನು ಟೀವಿ ಪಕ್ಕಕ್ಕೆ ಹೋಯಿತು. ಆಮೇಲೆ ಶುರುವಾಯಿತು ನೋಡಿ ಅದರ ಶೃಂಗಾರ. ಮನೆ ಕರೆಂಟಿಗೆ ಒಗ್ಗುವ ಬೇರೆ ಮೋಟಾರು, ಹೊಸ ಬೆಲ್ಟು, ಹೊಸ ಬೇರಿಂಗು, ನಾಲ್ಕು ಉಳಿ ಒಟ್ಟಿಗೆ ಹಿಡಿಯುವ ಹಿಡಿಕೆ, ಕತ್ತು ಬಗ್ಗಿಸುವ ದೀಪ. ಓಡುವುದಕ್ಕೆ ಬೇಕಾದ್ದೆಲ್ಲ ಬಂತು. ನಿಲ್ಲಿಸುವ ಸ್ವಿಚ್ಚು ಮಾತ್ರ ಮಷೀನಿನ ಹಿಂದೆ, ಗೋಡೆಯ ಮೇಲೆ. ಅಲ್ಲಿ ಮೊದಲೇ ಪ್ಲಗ್ಗಿತ್ತಲ್ಲ, ಅದಕ್ಕೆ. ಅದನ್ನು ಮುಟ್ಟಬೇಕಾದರೆ ತಿರುಗುವ ಚಕ್ಕಿನ ಮೇಲಿಂದ ಕೈ ಚಾಚಬೇಕು.

ನಾನು ಟೀವಿ ಪಕ್ಕದ ಹೊಲಿಗೆ ಮಷೀನಿನ ಕಡೆ ಕೈ ತೋರಿಸಿದೆ.

"ನನ್ ಮಷೀನಿಂದ ಕಾಲು ತೆಗೆದ್ರೆ ಸಾಕು, ನಿಲ್ಲುತ್ತೆ," ಅಂದೆ. "ಇದಕ್ಕೂ ಕಾಲ್ ಕೆಳಗೊಂದು ಹಾಕ್ಸಿ."

"ಇದೇನು ಲಂಗ ಹೊಲಿಯೋ ಮಷೀನಾ?"

"ಲಂಗ ಹೊಲಿಯೋದಕ್ಕೇ ಇರೋ ಬುದ್ಧಿ ಇದಕ್ಕೆ ಬೇಡ್ವಾ?"

"ಲೇ, ಫ್ಯಾಕ್ಟರೀಲಿ ಅಷ್ಟು ವರ್ಷ ಮಷೀನ್ ನಿಲ್ಸಿದ್ದು ಯಾರೇ? ನೀನ್ ಬಂದು ನಿಲ್ಸ್ತಿದ್ದೆಯಾ?"

ಅಲ್ಲಿಗೆ ಮಾತು ಬಿಟ್ಟೆ. ಜಗಳಕ್ಕೆ ಇನ್ನೊಂದು ದಾರಿ ಹಿಡಿದೆ. ನಮ್ಮ ಮನೆಯ ಮೇನ್ ಸ್ವಿಚ್ಚು ಮುಂಬಾಗಿಲ ಪಕ್ಕದಲ್ಲಿದೆ. ಅಲ್ಲಿ ನಿಂತರೆ ಮೆಟ್ಟಿಲ ಕೆಳಗಿನ ಲೇತು ನೇರ ಕಾಣುತ್ತದೆ. ಲೇತಿನ ಸದ್ದು ಕೇಳಿದ ಕೂಡಲೇ, ಒಲೆ ಮೇಲೆ ಏನಿದ್ದರೂ ಬಿಟ್ಟು, ಬಂದು ಮೇನಿನ ಹಿಡಿಯ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದೆ. ಸದ್ದು ನಿಂತ ಮೇಲೆ ಒಳಗೆ. ಪಲ್ಯ ಎಷ್ಟೋ ಸಲ ಸೀದಿತು. ಅವರು ಸೀದದ್ದನ್ನೇ ಗೊಣಗದೆ ತಿಂದರು. ಒಂದು ದಿನ, ಹಿಡಿ ಸರಾಗವಾಗಿ ಇಳಿಯುತ್ತದೋ ಇಲ್ಲವೋ ನೋಡೋಣ ಅಂತ ಎಳೆದೇ ಬಿಟ್ಟೆ. ಮೇಲಿಂದ ಮಹಾಂತೇಶನ ಕೂಗು:

"ಅಮ್ಮಾರ, ಕರೆಂಟ್ ಹೋತೇನ್ರೀ?"

"ಹೋಗಿಲ್ಲ. ನಾನೇ ಕಳ್ಸಿದೀನಿ."

ಹಾಗಾದರೆ ಆ ಲೇತನ್ನು ಗುಜರಿಗೆ ಹಾಕಿಸಬಹುದಿತ್ತಲ್ಲ ಅಂತ ಕೇಳುತ್ತೀರಿ. ಹಾಕಿಸಬಹುದಿತ್ತು. ಆದರೆ ಅದು ಬಂದ ಮೇಲೆ ಗೇಟಿನ ಹತ್ತಿರದ ಕುರ್ಚಿ ಖಾಲಿಯಾಗಿತ್ತು. ಅಕ್ಕಪಕ್ಕದವರ ಗ್ರೈಂಡರಿಗೆ ಬುಶ್ಶು, ನನ್ನ ಕುಂಕುಮದ ಭರಣಿಗೆ ಹಿತ್ತಾಳೆ ಮುಚ್ಚಳ, ಮೊಮ್ಮಗಳಿಗೆ ಬುಗುರಿ. ಮನುಷ್ಯ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಬಸ್ಸು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಲೇತು ಇದ್ದರೆ ಬೆರಳಿನ ಭಯ, ಇಲ್ಲದಿದ್ದರೆ ಆ ಕುರ್ಚಿ. ನಾನು ಎರಡರ ನಡುವೆ ಮೇನ್ ಹಿಡಿದು ನಿಂತಿದ್ದೆ.

ಆಯುಧಪೂಜೆ ಬಂತು. ಈಳಿಗೆಮಣೆ, ಕತ್ತರಿ, ಹೊಲಿಗೆ ಮಷೀನು, ಮಹಾಂತೇಶನ ಬೈಕು, ಎಲ್ಲಕ್ಕೂ ಕುಂಕುಮ ನಾನೇ ಇಟ್ಟೆ. ಲೇತನ್ನು ಮಾತ್ರ ಅವರು ಯಾರಿಗೂ ಮುಟ್ಟಲು ಬಿಡಲಿಲ್ಲ. ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದ ಹಾಗೇ ಮಾಡುತ್ತೇನೆ ಅಂದರು. ಮಡಿಪಂಚೆ ಉಟ್ಟು, ಹೆಗಲ ಮೇಲೆ ರೇಷ್ಮೆ ಶಲ್ಯ ಹಾಕಿಕೊಂಡು ಮಷೀನು ಒರೆಸಿದರು, ವಿಭೂತಿ ಬಳಿದರು. ಚಕ್ಕನ್ನು ಬಿಗಿ ಮಾಡಲು ಒಂದು ಕೀಲಿ ಇರುತ್ತದೆ, ನಲ್ಲಿ ತಿರುಪಿನ ಹಾಗೆ ಅಡ್ಡ ಹಿಡಿಕೆಯದ್ದು. ಬೇರೆ ದಿನ ಆ ಕೀಲಿಯಿಂದ ಕೈ ಬಿಡಬೇಕಾದರೆ ಕೀಲಿ ಚಕ್ಕಿನಿಂದ ಹೊರಗಿರಬೇಕು. ಕೆಲಸ ಕಲಿಯಲು ಬಂದವರಿಗೆ ಮೊದಲನೇ ದಿನ ಹೇಳಿಕೊಡುವ ಪಾಠವೇ ಅದು ಅಂತ ನನಗೆ ಹೇಳಿದವರೂ ಇವರೇ. ಮರೆತು ಓಡಿಸಿದರೆ ಅದು ಕವಣೆ ಕಲ್ಲಿನ ಹಾಗೆ ಹಾರುತ್ತದೆ. ಆಯುಧಪೂಜೆಯ ದಿನ ಮಾತ್ರ ರಿಯಾಯಿತಿ. ಕೀಲಿಗೂ ಪೂಜೆಯಾಗಬೇಕಲ್ಲ, ಅದಕ್ಕೆ ಅದನ್ನು ಚಕ್ಕಿನಲ್ಲೇ ನಿಲ್ಲಿಸಿ, ಅದರ ಮೇಲೆ ಹಾರ ಹಾಕುವುದು ಅವರ ಫ್ಯಾಕ್ಟರಿಯ ಪದ್ಧತಿ. ಇಲ್ಲೂ ಹಾಗೇ ಮಾಡಿದರು. ಚೆಂಡುಹೂವಿನ ದಪ್ಪ ಹಾರದಲ್ಲಿ ಕೀಲಿ ಪೂರ್ತಿ ಮುಚ್ಚಿಹೋಯಿತು.

ಮಂಗಳಾರತಿ ಆಯಿತು. ಮಹಾಂತೇಶ ಕಡ್ಲೆಪುರಿ ತಟ್ಟೆ ಹಿಡಿದು ಆಚೆ ನಿಂತಿದ್ದ.

"ಫ್ಯಾಕ್ಟರೀಲಿ ಈ ದಿನ ಓಡ್ಸೋ ಹಾಗಿರ್ಲಿಲ್ಲ," ಅಂದರು ಇವರು. ಮುಖದಲ್ಲಿ ಹಬ್ಬ. "ಇದು ನಂದು. ಒಂದು ಸುತ್ತು ಓಡ್ಸ್ತೀನಿ."

ನಾನು ಆರತಿ ತಟ್ಟೆ ಹಿಡಿದುಕೊಂಡೇ ಬಾಗಿಲ ಹತ್ತಿರ ಹೋದೆ. ರೂಢಿ. ಇನ್ನೊಂದು ಕೈ ಮೇನಿನ ಮೇಲೆ ಇಟ್ಟೆ.

ಅವರು ಸ್ವಿಚ್ಚು ಹಾಕಿದರು. ಒಂದು ಕ್ಷಣ ಹೂವು ಹೂವಾಗಿಯೇ ತಿರುಗಿತು, ಚೆನ್ನಾಗಿ ಕೂಡ ಕಂಡಿತು. ಆಮೇಲೆ ಢಣ್ ಅಂತ ಸದ್ದು. ಕೀಲಿ ಹಾರಿ ಮೆಟ್ಟಿಲ ತಳಕ್ಕೆ ಬಡಿದು, ಸಿಮೆಂಟು ಕಿತ್ತು ಮೂಲೆಗೆ ಬಿತ್ತು. ಹಾರದ ದಾರ ಚಕ್ಕಿಗೆ ಸುತ್ತಿಕೊಂಡಿತು. ಎಸಳು ಎಲ್ಲಾ ಕಡೆ ಚೆಲ್ಲಿತು. ಬಗ್ಗಿದ್ದ ಅವರ ಶಲ್ಯದ ಅಂಚು ಅದೇ ದಾರಕ್ಕೆ ಸಿಕ್ಕಿ, ಶಲ್ಯ ಒಳಗೆ ಹೋಗತೊಡಗಿತು. ಹಿಂದೆ ಸರಿಯಬೇಕಾದ ಮನುಷ್ಯ ಮುಂದಕ್ಕೇ ಬಗ್ಗಿದರು. ಗೋಡೆಯ ಸ್ವಿಚ್ಚಿಗೆ ಅಂತ ಬಲಗೈ ಚಕ್ಕಿನ ಮೇಲೆ ಹೋಯಿತು.

ನಾನು ಕಿರುಚಿದೆ ಅಂತ ಮಹಾಂತೇಶ ಹೇಳುತ್ತಾನೆ. ನನಗೆ ನೆನಪಿಲ್ಲ. ನನಗೆ ಕಂಡದ್ದು ಆ ಕೈ ಒಂದೇ. ಮೇನ್ ಎಳೆದೆ.

ಕರೆಂಟು ಹೋದ ಮಾತ್ರಕ್ಕೆ ಅಷ್ಟು ತೂಕದ ಕಬ್ಬಿಣ ತಟ್ಟನೆ ನಿಲ್ಲುವುದಿಲ್ಲ. ಅದು ತನಗೆ ಬೇಕಾದಷ್ಟು ತಿರುಗಿತು. ರೇಷ್ಮೆ ನುಣುಪು, ಶಲ್ಯ ಅವರ ಹೆಗಲಿನಿಂದ ಜಾರಿ, ಹೂವಿನ ಜೊತೆ ಸುತ್ತಿಕೊಂಡು ಮುದ್ದೆಯಾಗಿ, ಕೊನೆಗೆ ನಿಂತಿತು. ಫ್ಯಾನೂ ನಿಂತಿತು.

ಅವರು ಮೊದಲನೇ ಮೆಟ್ಟಿಲ ಮೇಲೆ ಕೂತರು. ನಾನು ಹೋಗಿ, ಎರಡೂ ಕೈ ಹಿಡಿದು ತಿರುಗಿಸಿ ನೋಡಿದೆ. ಚೆಂಡುಹೂವಿನ ಎಸಳು ಅಂಟಿತ್ತು. ಹತ್ತೂ ಇದ್ದವು.

"ಫ್ಯಾಕ್ಟರೀಲಿ ಪೂಜೆ ದಿನ ಮೇನ್ ಇಳ್ಸಿರ್ತಿದ್ರು ಕಣೇ," ಅಂದರು. "ಕೀಲಿ ಅಲ್ಲೇ ಬಿಟ್ರೂ ಏನೂ ಆಗ್ತಿರ್ಲಿಲ್ಲ, ಅದೇ ತಲೇಲಿತ್ತು."

"ಇಲ್ಲೂ ಇಳ್ಸಿದೀನಿ," ಅಂದೆ.

ಅಷ್ಟು ಹೊತ್ತಿಗೆ ಮಹಾಂತೇಶನಿಗೆ ಬಾಯಿ ಬಂತು. "ಅಮ್ಮಾರ... ಚುರಮುರಿ ಹಂಚಲೇನ್ರೀ?"

"ಹಂಚು," ಅಂದೆ. ಪೂಜೆ ಪೂಜೆಯೇ.

ಹಬ್ಬ ಕಳೆದ ಮೇಲೆ ಪೀಣ್ಯದಲ್ಲಿ ಅಂಗಡಿ ತೆರೆದ ದಿನ, ಇವರು ತಿಂಡಿ ತಿನ್ನದೆ ಹೋದವರು ಮಧ್ಯಾಹ್ನ ಒಂದು ಗಂಟು ಹೊತ್ತು ಬಂದರು. ನನ್ನ ಹೊಲಿಗೆ ಮಷೀನಿನ ತುಳಿಮಣೆಯಷ್ಟೇ ಅಗಲದ ಕಾಲುಪೆಡಲು, ತುಳಿದರೆ ಲೇತು ನಿಲ್ಲುವಂಥದ್ದು. ಮಷೀನಿನ ಮುಂದೆ, ಎದೆಯ ಮಟ್ಟಕ್ಕೆ ಕಜ್ಜಾಯದಷ್ಟು ದೊಡ್ಡ ಕೆಂಪು ಗುಂಡಿ. ಚಕ್ಕಿಗೆ ಒಂದು ಮರೆ. ಕೀಲಿಗೆ ಒಂದು ಸ್ಪ್ರಿಂಗು, ಕೈ ಬಿಟ್ಟರೆ ತಾನೇ ಹೊರಗೆ ಬೀಳುವ ಹಾಗೆ. ಮಹಾಂತೇಶ ಕೂತು ಎಲ್ಲವನ್ನೂ ಜೋಡಿಸಿದ.

"ಈಗಿನ ಹೊಸ ಮಾಡಲ್‌ಗೆಲ್ಲ ಇದೇ ಬರುತ್ತೆ," ಅಂತ ಇವರು ಅವನಿಗೆ ವಿವರಿಸುತ್ತಿದ್ದರು.

"ಹೌದ್ರೀ ಅಜ್ಜಾರ," ಅಂದ ಅವನು, ನನ್ನ ಕಡೆ ನೋಡದೆ.

ನಾನೂ ಏನೂ ಅನ್ನಲಿಲ್ಲ. ಗೆದ್ದ ಮೇಲೂ ಮಾತಾಡುತ್ತಿದ್ದರೆ ನನಗೂ ನಿಲ್ಲಿಸಲು ಬರುವುದಿಲ್ಲ ಅಂತಾಗುತ್ತದೆ.

ಅವತ್ತು ಸಂಜೆ ಅವರು ಕೆಂಪು ಗುಂಡಿಯನ್ನು ಒತ್ತಿ, ಪೆಡಲನ್ನು ತುಳಿದು, ಮತ್ತೆ ಮತ್ತೆ ನಿಲ್ಲಿಸಿ ನೋಡಿದರು. ನಾನು ಬಾಗಿಲ ಹತ್ತಿರ ಹೋಗಲಿಲ್ಲ. ಪಲ್ಯ ಸೀಯಲಿಲ್ಲ. ಕಾಫಿ ತೆಗೆದುಕೊಂಡು ಹೋದೆ. ಅವರು ಲೋಟ ಹಿಡಿಯಲಿಲ್ಲ. ಸ್ಕೂಲಿನಲ್ಲಿ ಮೇಷ್ಟರಿಗೆ ಉಗುರು ತೋರಿಸುವ ಹುಡುಗನ ಹಾಗೆ ಎರಡೂ ಕೈ ಮುಂದೆ ಚಾಚಿದರು. ಅಂಗೈ ತೋರಿಸಿ, ಮಗುಚಿ ತೋರಿಸಿದರು.

"ಇದೇನಿದು ನಾಟಕ?" ಅಂದೆ.

"ನೋಡ್ಕೋ. ದಿನಾ ನೋಡ್ತಿದ್ಯಲ್ಲ."

ನಾನು ಲೋಟವನ್ನು ಮೆಟ್ಟಿಲ ಮೇಲೆ ಇಟ್ಟೆ.

"ಮೊದ್ಲಿಂದ್ಲೂ ಗೊತ್ತು ಕಣೇ. ನಾನು ಲೋಟ ಒಂದು ಕೈಲಿ ಹಿಡಿದ್ರೆ ಇನ್ನೊಂದು ಕಾಣಲ್ಲ ಅಂತ ನೀನು ಕತ್ತು ಉದ್ದ ಮಾಡ್ತಿದ್ದೆ. ಅದಕ್ಕೇ ಎರಡೂ ಕೈಲಿ ಹಿಡಿಯೋದು ರೂಢಿ ಮಾಡ್ಕೊಂಡೆ."

ಪಾಪ, ನಮ್ಮತ್ತೆ ಇಂಥದ್ದೇನೂ ಕಲಿಸಿರಲಿಲ್ಲ.

ಅವತ್ತು ಕೈ ನೋಡುವುದನ್ನು ಬಿಟ್ಟು ಅವರ ಮುಖ ನೋಡಿದೆ. ಮೂಗಿನ ಮೇಲೆ ಎಣ್ಣೆ ಮಸಿ ಮೆತ್ತಿಕೊಂಡಿತ್ತು.

"ತೊಳ್ಕೊಂಡು ಬನ್ನಿ," ಅಂದೆ, "ಕಾಫಿ ಆರ್‍ತಾ ಇದೆ."